ಬ್ರಿಟನ್ನಿನ ಊರುಗಳಲ್ಲಿ ಕಿತ್ತೂರಿನ ಗುರುತುಗಳು

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದು, "ಅಪ್ಪಾ, ಅವ್ವಾ, ಒಮ್ಮೆ ಬಂದು ಹೋಗ್ರಿ" ಎಂದು ಕರೆಯುವ ಮನೆಗಳು ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿಯೂ ಉಂಟು. ಹೋಗಿ ಬಂದವರನ್ನು ಏನೇನು ನೋಡಿದಿರೆಂದು ಕೇಳಿದರೆ ಗಡಿಯಾರದ ಗೋಪುರ, ಅರಮನೆ, ಥೇಮ್ಸ್ ನದಿಯ ಸೇತುವೆ ಎಂದು ಹೇಳುತ್ತಾರೆ. ಅವೆಲ್ಲ ನೋಡತಕ್ಕವೇ ಸರಿ. ಆದರೆ ಅವನ್ನು ಜಗತ್ತಿನವರೆಲ್ಲರೂ ನೋಡುತ್ತಾರೆ. ಒಂದು ಕಾಲಕ್ಕೆ ಸಂಪಗಾಂವ ತಾಲೂಕು ಎನಿಸಿಕೊಂಡಿದ್ದ ಈ ನೆಲದಿಂದ ಹೋದವರು ಮಾತ್ರ ಗುರುತಿಸಬಲ್ಲ ಕೆಲವು ಸಂಗತಿಗಳು ಆ ದ್ವೀಪದ ದೊಡ್ಡ ಊರುಗಳಲ್ಲಿವೆ. ವಾಚಕರು ಹೊರಡುವ ಮುಂಚೆ ಅವನ್ನು ತಿಳಿದುಕೊಂಡಿರಲಿ ಎಂದು ಈ ಲೇಖನ.

ಕಥೆಯ ಮೊದಲ ತುದಿ ನಮ್ಮಲ್ಲಿಯೇ ಇದೆ. 1824ರಲ್ಲಿ ಕಿತ್ತೂರಿನ ಶಿವಲಿಂಗ ರುದ್ರಸರ್ಜ ದೇಸಾಯಿಯವರು ತೀರಿಕೊಂಡರು. ಅವರ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆ ಬಂದು ಬೊಕ್ಕಸಕ್ಕೆ ಮುದ್ರೆ ಹಾಕಿಸಿದನು. ಆ ವರ್ಷ ಅಕ್ಟೋಬರ 23ರಂದು ಕೋಟೆಯ ಬಾಗಿಲ ಮುಂದೆ ನಡೆದ ಕಾಳಗದಲ್ಲಿ ಅವನು ಸತ್ತನು. ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದನೆಂಬುದು ನಮ್ಮ ಕಡೆಯ ಮಾತು. ಅಂದು ಥ್ಯಾಕರೆಯ ಕೈಕೆಳಗಿನ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು: ಒಬ್ಬ ಸ್ಟೀವನ್ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್ಟನಿಗೆ ಆಗ ಇಪ್ಪತ್ತೊಂದು ವರ್ಷ. ಕೆಲವು ವಾರ ಚೆನ್ನಮ್ಮ ರಾಣಿಯವರ ಸೆರೆಯಲ್ಲಿದ್ದು ಜೀವಸಹಿತ ಹೊರಬಂದನು. ಈ ಹೆಸರನ್ನು ನೆನಪಿನಲ್ಲಿಡಿರಿ. ಮುಂದೆ ಮತ್ತೆ ಬರುತ್ತದೆ.

ಈಗ ಲಂಡನ್ನಿಗೆ ಬರೋಣ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹತ್ತು ಹನ್ನೊಂದು ತಾಸಿನ ಪ್ರಯಾಣ. ಪಾರ್ಲಿಮೆಂಟ್ ಭವನದ ಎದುರುದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದೀತೀರದ ಹಾದಿಯಲ್ಲಿ, ಬಸವೇಶ್ವರರ ಪ್ರತಿಮೆಯಿದೆ. 2015ರ ನವೆಂಬರ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ನದಿ ದಾಟಿದರೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆ. ಅಲ್ಲಿ ಪ್ರವೇಶಧನ ಕೊಡಬೇಕು. ಅಬ್ಬೆಯೊಳಗೆ ಕವಿಗಳ ಮೂಲೆ ಎಂಬ ಭಾಗದಲ್ಲಿ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಶಿಲಾಮುಖವಿದೆ. ಕಿತ್ತೂರಿನಲ್ಲಿ ಸತ್ತ ಕಲೆಕ್ಟರ ಈತನ ತಂದೆಯ ಒಡಹುಟ್ಟಿದವನು. ಕಾಕನ ಸ್ಮಾರಕ ಧಾರವಾಡದಲ್ಲಿ, ಮಗನದು ಲಂಡನ್ನಿನಲ್ಲಿ! ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮ ಹುಡುಗರಿಗೂ ಈ ನಂಟು ಗೊತ್ತಿರುವುದು ಅಪರೂಪ.

ಬ್ರಿಟಿಷ್ ಮ್ಯೂಸಿಯಮ್ಮಿಗೆ ಹಣ ಕೊಡಬೇಕಾಗಿಲ್ಲ. ಅದರ 33ಎ ಎಂಬ ಕೋಣೆಯಲ್ಲಿ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಕೆತ್ತನೆಗಳಿವೆ. 1845ರಲ್ಲಿ ಇವುಗಳಲ್ಲಿ ಬಹಳಷ್ಟನ್ನು ಅಗೆಸಿ ಮದ್ರಾಸಿಗೆ ಸಾಗಿಸಿದವನು ಅದೇ ಎಲಿಯಟ್. 1859ರಲ್ಲಿ ಅವು ಅಲ್ಲಿಂದ ಲಂಡನ್ನಿಗೆ ಹೋದವು. ಕೆತ್ತನೆ ಕಣ್ಣಿಗೆ ಹಬ್ಬ. ಆದರೆ ಕೃಷ್ಣಾ ತೀರದ ಕಲ್ಲು ಥೇಮ್ಸ್ ತೀರದಲ್ಲಿರುವುದನ್ನು ಕಂಡಾಗ ಮನಸ್ಸಿಗೆ ಕಸಿವಿಸಿಯೂ ಆಗುತ್ತದೆ. ಆಗಲಿ ಬಿಡಿ, ಅದನ್ನು ಅದುಮಿಡಬೇಕಾದ ಕಾರಣವಿಲ್ಲ.

ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನ ಪಕ್ಕದಲ್ಲಿ ಬ್ರಿಟಿಷ್ ಲೈಬ್ರರಿ. ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳು ಇಲ್ಲಿವೆ. ಗುರುತಿನ ಚೀಟಿ, ವಿಳಾಸದ ದಾಖಲೆ ತೋರಿಸಿದರೆ ಓದುಗರ ಪಾಸು ಪುಕ್ಕಟೆ ದೊರೆಯುತ್ತದೆ. ಕಿತ್ತೂರಿನ ದಂಗೆಯನ್ನು ಗೆದ್ದವರು ಹೇಗೆ ಬರೆದಿಟ್ಟರೆಂಬುದನ್ನು ನೋಡಬೇಕಾದರೆ ಇಂಥ ಕಡತಗಳನ್ನೇ ತೆರೆಯಬೇಕು. ಸೋತವರ ಕಥೆ ಲಾವಣಿಯಲ್ಲಿ ಉಳಿಯಿತು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಒಬ್ಬ ಆಂಗ್ಲ ಅಧಿಕಾರಿಗಳೇ, ಜಾನ್ ಫೇತ್‌ಫುಲ್ ಫ್ಲೀಟರು. ಸವದತ್ತಿಯ ರಟ್ಟರ ಶಾಸನಗಳನ್ನು ಮೊದಲು ಪ್ರಕಟಿಸಿದವರಲ್ಲಿಯೂ ಅವರಿದ್ದಾರೆ.

ಲೈಬ್ರರಿಯಿಂದ ನಡೆದು ಹೋಗುವಷ್ಟು ದೂರದಲ್ಲಿಯೇ ಕಿಂಗ್ಸ್ ಕ್ರಾಸ್ ಸ್ಟೇಷನ್. ಎಡಿನ್‌ಬರೋಗೆ ಇಲ್ಲಿಂದ ರೈಲು. ಸುಮಾರು ನಾಲ್ಕೂವರೆ ತಾಸು. ಬಲಗಡೆಯ ಕಿಟಕಿಯ ಸೀಟು ಹಿಡಿಯಿರಿ, ಉತ್ತರಕ್ಕೆ ಹೋದಂತೆ ಸಮುದ್ರ ಕಾಣುತ್ತದೆ.

ನನ್ನನ್ನು ಕೇಳಿದರೆ, ನಮ್ಮವರಿಗೆ ಎಡಿನ್‌ಬರೋ ಲಂಡನ್ನಿಗಿಂತ ಹೆಚ್ಚು ಬೇಕಾದ ಊರು. ಜ್ವಾಲಾಮುಖಿಯ ಬಂಡೆಯ ಮೇಲೆ ಕೋಟೆ, ಕೆಳಗೆ ಕರಿಬಣ್ಣಕ್ಕೆ ತಿರುಗಿದ ಕಲ್ಲಿನ ಮನೆಗಳು. ಊರ ನಡುವಣ ಮುಖ್ಯ ಬೀದಿಯಲ್ಲಿ ಎಲ್ಲಕ್ಕಿಂತ ಎತ್ತರವಾದ ಸ್ಮಾರಕ ದಂಡನಾಯಕನದಲ್ಲ, ಲೇಖಕ ವಾಲ್ಟರ್ ಸ್ಕಾಟನದು. ಎರಡು ನೂರು ಅಡಿ. ರೈಲು ನಿಲ್ದಾಣಕ್ಕೆ ಕೂಡ ಅವನ ಕಾದಂಬರಿಯ ಹೆಸರು, ವೇವರ್ಲಿ. ನಮ್ಮಲ್ಲಿ ಯಾವ ಸ್ಟೇಷನ್ನಿಗೆ ಒಂದು ಕಾವ್ಯದ ಹೆಸರಿದೆ, ಹೇಳಿರಿ!

ನಮ್ಮ ಎಲಿಯಟ್ ಹುಟ್ಟಿದ್ದು ಈ ಊರಿನಲ್ಲಿ, 1803ರಲ್ಲಿ. ಕಿತ್ತೂರಿನ ಸೆರೆಯಿಂದ ಬಿಡುಗಡೆಯಾದವನು ಈ ನಾಡಿನ ಮೇಲೆ ಸಿಟ್ಟು ಹಿಡಿಯಬಹುದಿತ್ತು. ಅದರ ಬದಲಿಗೆ 1833ರವರೆಗೆ ಧಾರವಾಡದ ಸೀಮೆಯಲ್ಲಿಯೇ ಇದ್ದು, ಗುಡಿಗಳ ಮುಂದೆ, ಕೆರೆಗಳ ಏರಿಯ ಮೇಲೆ ನಿಂತ ಶಾಸನದ ಕಲ್ಲುಗಳನ್ನು ಬಲ್ಲವರಿಂದ ಓದಿಸಿ ನಕಲು ಮಾಡಿಸಿದನು. ಹೀಗೆ ಕೂಡಿದ ಶಾಸನಗಳು 595. 'ಕರ್ನಾಟಕ ದೇಶದ ಶಾಸನಗಳು' ಎಂಬ ಹೆಸರಿನ ಆ ಕೈಬರಹದ ಸಂಪುಟಗಳ ಒಂದು ಪ್ರತಿ ಎಡಿನ್‌ಬರೋ ವಿಶ್ವವಿದ್ಯಾಲಯದ ಪಾಲಾಯಿತು, ಇನ್ನೊಂದು ಲಂಡನ್ನಿನ ರಾಯಲ್ ಏಶಿಯಾಟಿಕ್ ಸೊಸೈಟಿಯದು. ಇವುಗಳ ಆಧಾರದ ಮೇಲೆ 1837ರಲ್ಲಿ ಅವನು ಬರೆದ ಪ್ರಬಂಧದಿಂದ ಕಲ್ಯಾಣದ ಚಾಲುಕ್ಯರ ವಂಶಾವಳಿ ವಿದ್ವಾಂಸರ ಕಣ್ಣಿಗೆ ಬಿದ್ದಿತು. ಮುಂದೆ ಫ್ಲೀಟರೂ ಇದೇ ಸಂಪುಟಗಳನ್ನು ಬಳಸಿಕೊಂಡರು. ಅಮರಾವತಿಯ ಕಲ್ಲು ಹೋದದ್ದು ಹೋಯಿತು. ಇಲ್ಲಿ ಅಕ್ಷರ ಹೋಯಿತು, ಕಲ್ಲು ನಮ್ಮಲ್ಲಿಯೇ ನಿಂತಿತು. ನಿಂತ ಕಲ್ಲನ್ನು ನಾವು ಕಾಯ್ದೆವೇ? ಅರಿವೆ ಒಗೆಯಲು, ಮೆಟ್ಟಿಲಿಗೆ, ದನ ಕಟ್ಟಲು ಬಳಸಿದ ಶಾಸನಗಳನ್ನು ಕಾಣದ ಹಳ್ಳಿಗ ಯಾರಿದ್ದಾರೆ?

ಮುಪ್ಪಿನಲ್ಲಿ ಎಲಿಯಟ್ಟನ ಕಣ್ಣು ಹೋದವು. ಆದರೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥ ಬರೆದನು. 1887ರ ಮಾರ್ಚ 1ರಂದು ತೀರಿಕೊಂಡನು. ಆ ಬೆಳಿಗ್ಗೆಯೂ ಪೋಪ್ ಎಂಬ ತಮಿಳು ವಿದ್ವಾಂಸರಿಗೆ ಒಂದು ಪತ್ರ ಹೇಳಿ ಬರೆಯಿಸಿದ್ದನು.

ಗ್ಲ್ಯಾಸ್ಗೋ ಎಡಿನ್‌ಬರೋದಿಂದ ರೈಲಿನಲ್ಲಿ ಒಂದು ತಾಸಿನೊಳಗಿನ ದಾರಿ. ಇದು ಥಾಮಸ್ ಮನ್ರೋ ಹುಟ್ಟಿದ ಊರು. 1818ರಲ್ಲಿ ಬಾದಾಮಿ, ಬೆಳಗಾವಿ ಕೋಟೆಗಳನ್ನು ಪೇಶವೆಯರಿಂದ ಕಸಿದವನು ಅವನೇ. ಬೆಳಗಾವಿಯ ಮುತ್ತಿಗೆಯಲ್ಲಿ ಕಿತ್ತೂರಿನವರು ಕಂಪನಿಗೆ ನೆರವಾಗಿದ್ದರೆಂಬುದನ್ನು ನಾವು ಭಾಷಣಗಳಲ್ಲಿ ಮರೆಯುತ್ತೇವೆ. ಏಳು ವರ್ಷ ಕಳೆಯುವುದರೊಳಗೆ ಅದೇ ಕಂಪನಿ ಕಿತ್ತೂರಿನ ಮೇಲೆ ಬಂದಿತು. ಡಿಸೆಂಬರದ ಆ ಯುದ್ಧದಲ್ಲಿ ಸತ್ತವರಲ್ಲಿ ಮನ್ರೋನ ಅಣ್ಣತಮ್ಮಂದಿರ ಮಗನೊಬ್ಬನಿದ್ದನು.

ತಿರುಗಿ ಬರುವಾಗ ದಿನವಿದ್ದರೆ ಮ್ಯಾಂಚೆಸ್ಟರಿನಲ್ಲಿ ಇಳಿಯಿರಿ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, 1861ರಿಂದ 1865ರವರೆಗೆ, ಅಲ್ಲಿಯ ಗಿರಣಿಗಳಿಗೆ ಹತ್ತಿ ಬಾರದೆ ನಮ್ಮ ಎರೆಹೊಲಗಳ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಬೈಲಹೊಂಗಲದ ಹತ್ತಿ ಪೇಟೆಯವರು ನೋಡಲೇಬೇಕಾದ ಊರು.

ಹೊರಡುವಾಗ ಉಣ್ಣೆಯ ಅಂಗಿ, ಜೋಳದ ಹಿಟ್ಟು ಕಟ್ಟಿಕೊಳ್ಳುವಿರಿ. ಜೊತೆಗೆ ನಿಮ್ಮೂರ ಶಾಸನವೊಂದರ ವಿವರವನ್ನೂ ಬರೆದುಕೊಳ್ಳಿರಿ: ಊರಿನ ಹಳೆಯ ಹೆಸರು, ಗುಡಿ, ಅರಸ, ಶಕವರ್ಷ. ಎರಡು ಸಂಗ್ರಹಗಳಿಗೂ ಭೇಟಿಗೆ ಮುಂಚೆ ಪತ್ರ ಬರೆದು ದಿನ ಗೊತ್ತುಪಡಿಸಿಕೊಳ್ಳುವುದು ಒಳ್ಳೆಯದು. ಸೊಸೈಟಿಯ ಮನೆ ಯೂಸ್ಟನ್ ಸ್ಟೇಷನ್ನಿನ ಹತ್ತಿರ, ಸ್ಟೀಫನ್ಸನ್ ವೇ ಎಂಬ ಓಣಿಯಲ್ಲಿದೆ.