ಸೇತುವೆಯ ಬಟ್ಟೆ ಬಿಚ್ಚಿದ ಮೇಲೆ ಉಳಿದದ್ದು

ಪ್ಯಾರಿಸ್‌ನ ಪಾಂಪಿಡೂ ಕೇಂದ್ರದಲ್ಲಿ 2020ರ ಜುಲೈ 1ರಂದು ಒಂದು ಕಲಾ ಪ್ರದರ್ಶನ ಶುರುವಾಯಿತು. ಬಲ್ಗೇರಿಯಾದಲ್ಲಿ ಹುಟ್ಟಿದ ಕಲಾವಿದ ಕ್ರಿಸ್ಟೊ ಮತ್ತು ಅವರ ಪತ್ನಿ ಜೀನ್-ಕ್ಲಾಡ್ ಅವರ ಕೆಲಸಗಳ ಪ್ರದರ್ಶನವದು. ಮಾರ್ಚ್‌ನಲ್ಲೇ ಆರಂಭವಾಗಬೇಕಿತ್ತು, ಕೊರೊನಾದಿಂದ ಮುಂದಕ್ಕೆ ಹೋಯಿತು. ಅಷ್ಟರಲ್ಲಿ, ಮೇ 31ರಂದು, 84 ವರ್ಷದ ಕ್ರಿಸ್ಟೊ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಜೀನ್-ಕ್ಲಾಡ್ 2009ರಲ್ಲೇ ಅಗಲಿದ್ದರು. ಹಾಗಾಗಿ ಪ್ರದರ್ಶನವೇ ಶ್ರದ್ಧಾಂಜಲಿಯಾಯಿತು.

ಈ ದಂಪತಿಯ ಕಲೆ ವಿಚಿತ್ರ. ಸೇತುವೆ, ಕಟ್ಟಡಗಳಿಗೆ ಬಟ್ಟೆ ಹೊದಿಸಿ, ಹಗ್ಗ ಬಿಗಿದು, ಎರಡು ವಾರ ಜನರಿಗೆ ತೋರಿಸಿ ಬಿಚ್ಚಿಬಿಡುವುದು! ಹಾಗಾದರೆ ಮ್ಯೂಸಿಯಂನಲ್ಲಿ ಇಡುವುದಾದರೂ ಏನನ್ನು?

ಆರಂಭದ ದಿನಗಳ ಕೃತಿಗಳ ಜೊತೆಗೆ ಅಲ್ಲಿ ಇಟ್ಟಿದ್ದು ಪಾಂ ನಫ್ ಎಂಬ ಹಳೆಯ ಸೇತುವೆಗೆ ಬಟ್ಟೆ ಹೊದಿಸಿದ ಕಥೆಯನ್ನು. ಅಂದರೆ ರೇಖಾಚಿತ್ರಗಳು, ಸೇತುವೆಯ ಮಾದರಿ, ಪತ್ರಗಳು, ಫೋಟೊಗಳು. 1975ರಲ್ಲಿ ಹೊಳೆದ ಯೋಚನೆಗೆ ಅನುಮತಿ ಪಡೆದು ಮುಗಿಸುವಷ್ಟರಲ್ಲಿ 1985 ಬಂದಿತ್ತು. ಸುಮಾರು 40 ಸಾವಿರ ಚದರ ಮೀಟರ್ ಬಟ್ಟೆ, 13 ಕಿ.ಮೀ. ಹಗ್ಗ, ಕಂಬಗಳ ಬುಡಕ್ಕೆ ನೀರಿನೊಳಗೆ ಸುತ್ತಿದ 12 ಟನ್ ಉಕ್ಕಿನ ಸರಪಳಿ. ನೋಡಲು ಸಿಕ್ಕಿದ್ದು 14 ದಿನ ಮಾತ್ರ. ಪ್ರಾಯೋಜಕರ ಹಣವನ್ನು ಅವರು ಮುಟ್ಟಲಿಲ್ಲ. ಕ್ರಿಸ್ಟೊ ಬರೆದ ಚಿತ್ರಗಳನ್ನು ಮಾರಿಯೇ ಖರ್ಚು ತೂಗಿಸಿದರು.

ಎಂಜಿನಿಯರಿಂಗ್ ಓದುವ ನನ್ನಂಥವರಿಗೆ ಇದರಲ್ಲೊಂದು ಪಾಠವಿದೆ. ನಮ್ಮಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಎಂದರೆ ವೈವಾಕ್ಕೆ ಮೂರು ದಿನ ಇರುವಾಗ ಸೀನಿಯರ್‌ಗಳಿಂದ ತಂದು ಹೆಸರು ಬದಲಿಸಿ ಬೈಂಡ್ ಮಾಡಿಸುವ ವಸ್ತು. ಕ್ರಿಸ್ಟೊಗೆ ಕಾಗದದ ಮೇಲಿನ ಲೆಕ್ಕ, ಗೆರೆ, ಓಡಾಟ ಎಲ್ಲವೂ ಕೆಲಸದ ಭಾಗವೇ ಆಗಿದ್ದವು.

ಅದರ ಬೆಲೆ ಗೊತ್ತಾಗಿದ್ದು ಅವರು ಹೋದ ಮೇಲೆ. ಪ್ಯಾರಿಸ್‌ನ ಆರ್ಕ್ ದ ಟ್ರಯಂಫ್‌ಗೆ ಬಟ್ಟೆ ಹೊದಿಸುವುದು ಅವರ 60 ವರ್ಷ ಹಳೆಯ ಕನಸು. ಅವರು ಬಿಟ್ಟುಹೋದ ಚಿತ್ರ, ಯೋಜನೆಗಳನ್ನೇ ಹಿಡಿದು ಸೋದರನ ಮಗ ವ್ಲಾದಿಮಿರ್ ಯಾವಚೆಫ್ ಮತ್ತು ತಂಡದವರು 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಜ ಮಾಡಿದರು. 25 ಸಾವಿರ ಚದರ ಮೀಟರ್ ಬೆಳ್ಳಿ ಬಣ್ಣದ ಬಟ್ಟೆ, ಮೂರು ಕಿ.ಮೀ. ಕೆಂಪು ಹಗ್ಗ. ಅದೂ ಅಷ್ಟೇ, 16 ದಿನಕ್ಕೆ ಬಿಚ್ಚಿಯಾಯಿತು.

ಕೆಲಸ ಹುಡುಕುವಾಗ ನಮ್ಮ ರೆಸ್ಯೂಮೆಯಲ್ಲಿ ಮುಗಿಸಿದ್ದನ್ನಷ್ಟೇ ಬರೆಯುತ್ತೇವೆ. ನಡುವೆ ಹಾಳಾದ ಮಾದರಿ, ಉತ್ತರ ಬಾರದ ಅರ್ಜಿ, ತಿದ್ದಿದ ಡ್ರಾಯಿಂಗ್ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಇರಲಿ, ಅವನ್ನು ಬಿಸಾಡುವುದು ಮಾತ್ರ ಬೇಡ. ನಾವಿಲ್ಲದಾಗಲೂ ಇನ್ನೊಬ್ಬರು ಅವನ್ನು ನೋಡಿ ಕೆಲಸ ಮುಂದುವರಿಸುವಂತಿದ್ದರೆ, ಗೆಳೆಯರೇ, ನಾವು ನಿಜಕ್ಕೂ ಕೆಲಸ ಕಲಿತಿದ್ದೇವೆ ಎಂದರ್ಥ.