ಮೆತ್ತಗಿದ್ದರೆ ಸಾಲದು, ಡೆನ್ಸಿಟಿ ಕೇಳಿ

ಹೊಸೂರು: ಮಗಳ ಮದುವೆಗೆ ಹಾಸಿಗೆ ಕೊಳ್ಳಲು ಹೋದವರು ಮೊದಲು ಕೈಯಲ್ಲಿ ಅದುಮಿ ನೋಡುತ್ತಾರೆ. ‘ಮೆತ್ತಗೈತೆ, ಕೊಡಪ್ಪಾ’ ಅಂತಾರೆ. ನಡುವೆ ಹಳ್ಳ ಬಿದ್ದ ಮೇಲೆ ದುಡ್ಡು ಹೋದದ್ದು ತಿಳಿಯುತ್ತದೆ.

ಕೇಳಬೇಕಾದ್ದು ಡೆನ್ಸಿಟಿ. ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬ ಲೆಕ್ಕ. ಸೋಫಾ, ಹಾಸಿಗೆಯ ಸಾಮಾನ್ಯ ಸ್ಪಂಜು ಪಾಲಿಯುರೆಥೇನ್ ಫೋಮ್. ದಿನಾ ಮಲಗಲು ಇದರಲ್ಲಿ 32ಕ್ಕಿಂತ ಕಡಿಮೆ ಬೇಡ, 40 ಇದ್ದರೆ ಒಳ್ಳೆಯದು. ಚೂರುಗಳನ್ನು ಅಂಟಿಸಿ ಒತ್ತಿದ ರೀಬಾಂಡೆಡ್ ಫೋಮ್ ಇನ್ನೂ ಭಾರ, ಗಟ್ಟಿ. ಆದ್ದರಿಂದ ಎರಡರ ಅಂಕಿ ಹೋಲಿಸಬೇಡಿ. ಲೇಟೆಕ್ಸ್ ಫೋಮ್ ರಬ್ಬರ್ ಹಾಲಿನದು, ಬೆಲೆ ಜಾಸ್ತಿ.

ಹಾಸಿಗೆಯ ಆಚೆಗೂ ಫೋಮ್ ಉಂಟು. ಕೃಷ್ಣಗಿರಿಯ ಮಾವಿನಂಥ ಹಣ್ಣಿಗೆ ಪೆಟ್ಟಾಗದಂತೆ ತೊಡಿಸುವ ಬಿಳಿ ಬಲೆ ಪಾಲಿಎಥಿಲೀನ್ ಫೋಮ್. ಥರ್ಮೋಕೋಲ್ ಬಹುಪಾಲು ಗಾಳಿಯೇ. ಹಾಗಾಗಿ ತಂಪು ಕಾಯುವ ಪೆಟ್ಟಿಗೆಗೆ ಸರಿ, ಊಟದ ತಟ್ಟೆಗಲ್ಲ. ಆ ತಟ್ಟೆಗೆ ಕರ್ನಾಟಕದಲ್ಲಿ 2016ರಿಂದ, ತಮಿಳುನಾಡಿನಲ್ಲಿ 2019ರ ಜನವರಿಯಿಂದ ನಿಷೇಧ. ಅತ್ತಿಬೆಲೆಯ ಆಚೆಯಾಗಲಿ ಈಚೆಯಾಗಲಿ, ಮದುವೆ ಊಟಕ್ಕೆ ಬಾಳೆಎಲೆಯೇ ಲೇಸು.

ಹಾಸಿಗೆ ಕೊಂಡಾಗ ಫೋಮಿನ ಜಾತಿ, ಡೆನ್ಸಿಟಿ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಾಳೆ ತಕರಾರು ಬಂದರೆ ಕೈಯಲ್ಲಿ ಕಾಗದ ಇರುತ್ತದೆ.