ಹೆಸರು ನಿಮ್ಮದು, ಸಾಲ ಯಾರದ್ದು?

ಜೂನ್ ತಿಂಗಳು ಬಂತೆಂದರೆ ಗುಂಡ್ಲುಪೇಟೆ, ಚಾಮರಾಜನಗರದ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿಲ್ಲ. ಕಾಲೇಜು ಪ್ರವೇಶಕ್ಕೊಂದು, ಹಾಸ್ಟೆಲ್ ಅರ್ಜಿಗೊಂದು, ವಿದ್ಯಾರ್ಥಿವೇತನಕ್ಕೊಂದು, ಬಸ್ ಪಾಸಿಗೊಂದು ಎಂದು ಆಧಾರ್ ಕಾರ್ಡಿನ ಪ್ರತಿಗಳು ಕಟ್ಟುಗಟ್ಟಲೆ ಹೊರಬರುತ್ತವೆ. ಮಸುಕಾಗಿ ಬಂದ ಪ್ರತಿಯನ್ನು ಮುದುರಿ ಅಲ್ಲೇ ಬುಟ್ಟಿಗೆ ಎಸೆದು ಮಕ್ಕಳು ಬಸ್ ಹಿಡಿಯಲು ಓಡುತ್ತಾರೆ. ಆ ಕಾಗದದಲ್ಲಿ ತಮ್ಮ ಹೆಸರು, ಊರು, ಹುಟ್ಟಿದ ದಿನ, ಭಾವಚಿತ್ರ ಎಲ್ಲವೂ ಇದೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಈಗ ಇಂಥದೊಂದು ಸಂದರ್ಭ ಊಹಿಸಿಕೊಳ್ಳಿ. ತೆರಕಣಾಂಬಿ ಕಡೆಯ ಅರಿಸಿನ ಬೆಳೆಗಾರರೊಬ್ಬರ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಶಿಕ್ಷಣ ಸಾಲಕ್ಕೆ ತಂದೆಯೂ ಸಹಸಾಲಗಾರರಾಗಬೇಕು. ಅಪ್ಪ, ಮಗಳು ಬ್ಯಾಂಕಿಗೆ ಹೋದರೆ ಮ್ಯಾನೇಜರು ಕಂಪ್ಯೂಟರ್ ನೋಡಿ, ‘ನಿಮ್ಮ ಹೆಸರಲ್ಲಿ ಹಳೇ ಸಾಲ ಬಾಕಿ ಇದೆಯಲ್ಲ ಯಜಮಾನ್ರೇ’ ಎನ್ನುತ್ತಾರೆ. ‘ನಾನು ಯಾವ ಸಾಲಾನೂ ಎತ್ತಿಲ್ಲ ಸಾರ್’ ಎಂದು ಅಪ್ಪ ಎಷ್ಟು ಹೇಳಿದರೂ ಕಂಪ್ಯೂಟರ್ ಒಪ್ಪುವುದಿಲ್ಲ. ಯಾರೋ ಅವರ ದಾಖಲೆ ಕೊಟ್ಟು ಸಾಲ ಪಡೆದು ಮಾಯವಾಗಿದ್ದಾರೆ. ಕದ್ದವನು ನೆಮ್ಮದಿಯಾಗಿದ್ದಾನೆ, ‘ಅದು ನಾನಲ್ಲ’ ಎಂದು ಸಾಬೀತುಪಡಿಸುವ ಕೆಲಸ ಅಪ್ಪನ ಹೆಗಲೇರಿದೆ. ಅತ್ತ ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಾಗುತ್ತಿದೆ.

ಇದಕ್ಕೆ ಗುರುತಿನ ಕಳವು ಎನ್ನುತ್ತಾರೆ. ಹಸು ಕಳುವಾದರೆ ಬೆಳಗ್ಗೆ ಕೊಟ್ಟಿಗೆ ಖಾಲಿ ಕಾಣುತ್ತದೆ. ಗುರುತು ಕಳುವಾದರೆ ಹಾಗಲ್ಲ, ಕಾರ್ಡು ಜೇಬಿನಲ್ಲೇ ಇರುತ್ತದೆ. ಗೊತ್ತಾಗುವುದು ತಿಂಗಳುಗಳ ನಂತರ, ನೋಟಿಸು ಬಂದಾಗ.

ಹೆಬ್ಬೆಟ್ಟಿನ ಕಥೆ

‘ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡ’ ಎಂಬುದು ಹಳ್ಳಿಯ ಹಿರಿಯರ ಎಚ್ಚರಿಕೆ. ಅಕ್ಷರ ಕಲಿತರೆ ಆ ಭಯವಿಲ್ಲ ಎಂದು ಮಕ್ಕಳನ್ನು ಶಾಲೆಗೆ ಕಳಿಸಿದರು. ಆದರೆ ಈ ಕಾಲದಲ್ಲಿ ಓದಿದವರೂ ಹೆಬ್ಬೆಟ್ಟು ಒತ್ತಲೇಬೇಕು.

2023ರಲ್ಲಿ ಬೆಂಗಳೂರು, ಮಂಗಳೂರು ಮುಂತಾದ ಕಡೆ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋಯಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ. ಅವರಲ್ಲಿ ಅನೇಕರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದವರು. ನೋಂದಾಯಿತ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಕಳ್ಳರು ಬಳಸಿಕೊಂಡಿದ್ದರೆಂದು ಪೊಲೀಸರು ಹೇಳಿದರು. ಬಿಹಾರದಿಂದ ಆರೋಪಿಗಳನ್ನು ಹಿಡಿದು ತಂದರು. ಆಧಾರ್ ಆಧಾರಿತ ಹಣ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಹಣ ತೆಗೆಯಬಹುದು. ಹಳ್ಳಿಯ ಮುದುಕರು ಬ್ಯಾಂಕಿಗೆ ಅಲೆಯದೆ ಪಿಂಚಣಿ ಪಡೆಯಲಿ ಎಂದು ಬಂದ ಅನುಕೂಲವೇ ಕಳ್ಳರಿಗೂ ಅನುಕೂಲವಾಯಿತು.

ಇದಕ್ಕೆ ಸುಲಭದ ಬೀಗವೊಂದಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚನ್ನು ‘ಲಾಕ್’ ಮಾಡಿಡಬಹುದು, ಬೇಕಾದಾಗ ತೆರೆಯಬಹುದು. ಅಪ್ಪ, ಅಮ್ಮ, ಅಜ್ಜಿಯ ಹೆಬ್ಬೆಟ್ಟಿಗೆ ಈ ಬೀಗ ಹಾಕಿಕೊಡುವುದು ಓದಿದ ಮಕ್ಕಳು ಮಾಡಬಹುದಾದ ಕೆಲಸ.

ಕಾನೂನಿದೆ, ಅಲೆದಾಟವೂ ಇದೆ

ಕಾನೂನಿನಲ್ಲಿ ಶಿಕ್ಷೆಗೆ ಕೊರತೆಯಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಬೇರೆಯವರ ಪಾಸ್‌ವರ್ಡ್, ಎಲೆಕ್ಟ್ರಾನಿಕ್ ಸಹಿ ಅಥವಾ ಇತರ ಗುರುತನ್ನು ವಂಚನೆಯಿಂದ ಬಳಸಿದರೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಲ್ಲಿ, ಬೇರೊಬ್ಬರ ಸೋಗು ಹಾಕಿ ವಂಚಿಸಿದವರಿಗೆ ಐದು ವರ್ಷದವರೆಗೆ ಸಜೆಯಾಗಬಹುದು.

ಕಷ್ಟ ಇರುವುದು ಠಾಣೆಯ ಮೆಟ್ಟಿಲಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ. ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಇರುವುದು ಜಿಲ್ಲಾ ಕೇಂದ್ರವಾದ ಚಾಮರಾಜನಗರದಲ್ಲಿ. ಗುಂಡ್ಲುಪೇಟೆಯವರು ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋಗಬೇಕೇ? ಹಾಗೇನಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ಮೊದಲು ಫೋನು, ಆಮೇಲೆ ಕಾಗದ

ಹಣ ಹೋಗಿದ್ದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ನಂತರ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಮೊಹರು ಬಿದ್ದ ಸ್ವೀಕೃತಿ ಪಡೆಯಬೇಕು. ತಪ್ಪು ಗ್ರಾಹಕರದ್ದೂ ಬ್ಯಾಂಕಿನದ್ದೂ ಅಲ್ಲದೆ ಮೂರನೆಯವರಿಂದ ಆಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರು ನಷ್ಟ ಹೊರಬೇಕಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನ ಸುತ್ತೋಲೆಯಲ್ಲಿ ಹೇಳಿತು. ತಪ್ಪು ಗ್ರಾಹಕರದ್ದೆಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು ಎಂದೂ ಅದರಲ್ಲಿತ್ತು. ಇದು ಬಹಳ ಮಂದಿಗೆ ತಿಳಿದಿಲ್ಲ. ಆದರೆ ಒಟಿಪಿಯನ್ನು ತಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ತಮ್ಮದೇ.

ಕಟ್ಟದ ಸಾಲದ ಕಳಂಕ ತೊಳೆಯುವುದು ಬೇರೆಯದೇ ಕೆಲಸ. ಸಾಲದ ಇತಿಹಾಸ ಬರೆದಿಡುವ ಸಿಬಿಲ್‌ನಂಥ ನಾಲ್ಕು ಕಂಪನಿಗಳು ದೇಶದಲ್ಲಿವೆ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅವು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ಎಫ್‌ಐಆರ್ ಪ್ರತಿಯೊಂದಿಗೆ ಸಾಲ ಕೊಟ್ಟವರಿಗೂ ಆ ಕಂಪನಿಗೂ ದೂರು ಬರೆಯಬೇಕು. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಸೀಟು ಸಿಕ್ಕ ಮೇಲೆ ಈ ವರದಿ ನೋಡಿದರೆ ಕಾಲ ಮೀರಿರುತ್ತದೆ. ಮಗಳು ಪಿಯುಸಿಯಲ್ಲಿರುವಾಗಲೇ ತಂದೆ, ತಾಯಿ ತರಿಸಿ ನೋಡುವುದು ಲೇಸು.

ಬಾಡಿಗೆಗೆ ಕೊಟ್ಟ ಖಾತೆ

ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ಎಚ್ಚರವಾಗಿರಬೇಕಾದ ಸಂಗತಿ ಇದು. ‘ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ಸ್ವಲ್ಪ ದಿನ ಕೊಡು, ಕೈಗಿಷ್ಟು ಕೊಡುತ್ತೇವೆ’ ಎಂದು ಪುಸಲಾಯಿಸುವವರಿದ್ದಾರೆ. ವಂಚನೆಯ ಹಣ ಆ ಖಾತೆಯ ಮೂಲಕ ಹರಿದರೆ ಪೊಲೀಸರಿಗೆ ಮೊದಲು ಸಿಗುವುದು ಖಾತೆದಾರನ ಹೆಸರೇ. ದೂರದ ರಾಜ್ಯದ ಪೊಲೀಸರು ಕೂಡ ಖಾತೆಯನ್ನು ತಡೆಹಿಡಿಸಬಹುದು, ವಿಚಾರಣೆಗೆ ಕರೆಯಬಹುದು.

ಗುರುತು ಕಳುವಾಗಿದ್ದರೆ ಅವನು ನೊಂದವನು. ಕಾಸಿಗೆ ಕೊಟ್ಟಿದ್ದರೆ ಆರೋಪಿ. ತನಗೆ ಗೊತ್ತಿಲ್ಲದೆ ಖಾತೆ ತೆರೆದಿದ್ದಾರೆ ಎಂದು ತಿಳಿದ ದಿನವೇ ಕೊಟ್ಟ ದೂರು ಇದ್ದರೆ, ಮೊದಲನೆಯ ಸಾಲಿನಲ್ಲಿ ನಿಲ್ಲಲು ಅದೇ ದೊಡ್ಡ ಆಸರೆ.

ಹಾಜರಾಗಲು ಪೊಲೀಸ್ ನೋಟಿಸು ಬಂದರೆ ಹೆದರಿ ಅಡಗಬಾರದು. ಹಾಜರಾಗದಿದ್ದರೆ ಬಂಧನಕ್ಕೆ ದಾರಿಯಾದೀತು. ಇಂಥ ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಬಾರದೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಡಿಯೊ ಕರೆಯಲ್ಲಿ ‘ಬಂಧಿಸಿದ್ದೇವೆ, ಹಣ ಕಟ್ಟು’ ಎನ್ನುವವನು ಪೊಲೀಸನಲ್ಲ, ಕಳ್ಳ.

ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ. ಕಡಿಮೆ ಆದಾಯದ ಇತರರಿಗೂ ಇದೆ. ಅದರ ದೂರವಾಣಿ ಸಂಖ್ಯೆ 15100.

ಉಳಿದದ್ದು ಮನೆಯಲ್ಲೇ ಆಗುವ ಕೆಲಸ. ಆಧಾರ್ ಪ್ರತಿ ಕೊಡುವಾಗ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಅದರ ಮೇಲೆ ಅಡ್ಡಲಾಗಿ ಬರೆಯುವುದು. ತಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ಸಂಚಾರ್ ಸಾಥಿ ಜಾಲತಾಣದಲ್ಲಿ ಆಗಾಗ ನೋಡುವುದು. ಕೊಟ್ಟ ದೂರು, ಪಡೆದ ಸ್ವೀಕೃತಿಗಳನ್ನು ಪಹಣಿ, ಕ್ರಯಪತ್ರಗಳ ಜೊತೆಗೇ ಕಡತದಲ್ಲಿಡುವುದು. ಮತ್ತು ಜೆರಾಕ್ಸ್ ಅಂಗಡಿಯಿಂದ ಹೊರಡುವಾಗ, ಮಸುಕಾದ ಆ ಪ್ರತಿಯನ್ನೂ ಮನೆಗೆ ತಂದು ಹರಿದು ಹಾಕುವುದು.